ತಾಮ್ರ ಹುಡುಕಿದ ವರ್ಷಗಳು

ನಾನು ತಾಮ್ರ ಹುಡುಕತೊಡಗಿ ಮೂರನೆಯ ವರ್ಷ ನಡೆಯುತ್ತಿದ್ದಾಗ ನನ್ನ ತಮ್ಮನ ಬಲಗೈ ನಡುಗಲು ಶುರುವಾಯಿತು. ಎರಡಕ್ಕೂ ಸಂಬಂಧವಿದೆಯೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆಯಬೇಕಾಗಿದ್ದದ್ದು ನನಗೆ.

ಆಗ ನಾನು ಕಾರವಾರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಬೆಳಿಗ್ಗೆ ಪಾಠ, ಮಧ್ಯಾಹ್ನದ ಮೇಲೆ ನನ್ನ ಪಿಎಚ್‌ಡಿ ಕೆಲಸ. ಮನೆ ಇದ್ದದ್ದು ಅಂಕೋಲೆ ತಾಲೂಕಿನ ಕಡಲ ದಂಡೆಯಲ್ಲಿ. ಹಟ್ಟಿಕೇರಿಯಲ್ಲಿ ಬಸ್ಸು ಹತ್ತಿದರೆ ಬಿಣಗಾ ದಾಟಿ ಕಾರವಾರ ಮುಟ್ಟಲು ಮುಕ್ಕಾಲು ಗಂಟೆ. ಅಪ್ಪ ಬೇರೆಯವರ ಟ್ರಾಲರ್ ಬೋಟಿನ ತಾಂಡೇಲ. ಬೋಟು ನಡೆಸುವುದು, ಆಳುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಆಯಿ ಮೊದಲು ಬುಟ್ಟಿ ಹೊತ್ತು ಮೀನು ಮಾರುತ್ತಿದ್ದಳು, ಮೊಣಕಾಲು ಕೈಕೊಟ್ಟ ಮೇಲೆ ಮನೆ ಸೇರಿದ್ದಳು. ತಮ್ಮ ನನಗಿಂತ ಆರು ವರ್ಷ ಚಿಕ್ಕವನು. ಹತ್ತನೆಯ ತರಗತಿ ಮುಗಿಸಿ ಅಪ್ಪನ ಬೋಟಿಗೇ ಹೋದ. ನಾನು ಓದುವವಳು, ಅವನು ಕಡಲಿಗೆ ಹೋಗುವವನು ಎಂಬುದು ಯಾರೂ ಬಾಯಿಬಿಟ್ಟು ಹೇಳದೆಯೇ ತೀರ್ಮಾನವಾಗಿತ್ತು. ಹರಿದ ಬಲೆಯನ್ನು ಅವನಷ್ಟು ಬೇಗ ಹೆಣೆಯುವವರು ನಮ್ಮ ಕೇರಿಯಲ್ಲಿ ಇರಲಿಲ್ಲ. ಬಲೆ ಹೆಣೆಯುತ್ತ ಕುಳಿತಾಗ ಅವನು ಕೈಯನ್ನು ನೋಡುತ್ತಲೇ ಇರಲಿಲ್ಲ, ಎದುರಿಗೆ ಕುಳಿತವರ ಹತ್ತಿರ ಏನೋ ತಮಾಷೆ ಮಾಡುತ್ತಿರುತ್ತಿದ್ದ.

ನನ್ನ ಕೆಲಸ ಏನೆಂದು ಕೇಳಿದವರಿಗೆ ನಾನು ಹೀಗೆ ಹೇಳುತ್ತಿದ್ದೆ. ಮನುಷ್ಯನ ಮೈಯ ಒಂದೊಂದು ಜೀವಕೋಶದೊಳಗೂ ಕಬ್ಬಿಣ, ಸತು, ತಾಮ್ರ ಚೂರುಚೂರೇ ಇರುತ್ತವೆ. ಪಲ್ಯಕ್ಕೆ ಉಪ್ಪು ಇದ್ದ ಹಾಗೆ. ಕಡಿಮೆಯಾದರೆ ನಡೆಯುವುದಿಲ್ಲ, ಹೆಚ್ಚಾದರೆ ಬಾಯಿಗಿಡಲಾಗುವುದಿಲ್ಲ. ಜೀವಕೋಶ ಬದುಕಿರುವಾಗಲೇ, ಅದನ್ನು ಕೊಲ್ಲದೆ, ಅದರೊಳಗೆ ತಾಮ್ರ ಎಲ್ಲಿ ಎಷ್ಟಿದೆ ಎಂದು ತಿಳಿಯಬೇಕು. ಅದಕ್ಕೆ ಒಂದು ಅಣುವನ್ನು ಕಟ್ಟಬೇಕು. ಸುಮ್ಮನಿದ್ದಾಗ ಆ ಅಣು ಕತ್ತಲು. ತಾಮ್ರ ಸಿಕ್ಕಿದ ಕೂಡಲೇ ಅದು ಬೆಳಗಬೇಕು. ಸೂಕ್ಷ್ಮದರ್ಶಕದಲ್ಲಿ ಎಲ್ಲಿ ಬೆಳಕು ಕಾಣುತ್ತದೋ ಅಲ್ಲಿ ತಾಮ್ರ. ಇಂಥ ಅಣುವಿಗೆ ನಾವು ಪ್ರೋಬ್ ಎನ್ನುತ್ತೇವೆ.

ತಾಮ್ರವನ್ನು ಆರಿಸಿಕೊಟ್ಟವರು ನನ್ನ ಗೈಡ್. ನಿವೃತ್ತಿ ಹತ್ತಿರವಾಗಿದ್ದ ಪ್ರಾಧ್ಯಾಪಕರು, ದೊಡ್ಡ ಸ್ವರದಲ್ಲಿ ಮಾತಾಡದ ಮನುಷ್ಯ. ಮೊದಲ ದಿನವೇ ಅವರು ಹೇಳಿದ್ದರು, "ತಾಮ್ರ ಸುಲಭ ಅಲ್ಲ. ಹತ್ತಿರ ಬಂದ ಬೆಳಕನ್ನು ಆರಿಸಿಬಿಡೂದು ಅದರ ಗುಣ. ಅದರ ಕೈಯಿಂದಲೇ ದೀಪ ಹಚ್ಚಿಸ್ಬೇಕು ನೀನು."

ಅದಕ್ಕೆ ನಾನು ಹಿಡಿದದ್ದು ರೋಡಮೈನ್ ಎಂಬ ಗುಲಾಬಿ ಬಣ್ಣವನ್ನು. ಅದನ್ನು ಬೇರೆ ರಾಸಾಯನಿಕಗಳ ಜೊತೆ ಸ್ಪಿರಿಟ್ಟಿನಲ್ಲಿ ಗಂಟೆಗಟ್ಟಲೆ ಕುದಿಸಿದರೆ ಅಣುವಿನೊಳಗೆ ಒಂದು ಉಂಗುರ ಮುಚ್ಚಿಕೊಳ್ಳುತ್ತದೆ, ಬಣ್ಣ ಹೋಗುತ್ತದೆ. ತಾಮ್ರ ಬಂದು ತಗುಲಿದರೆ ಉಂಗುರ ಮತ್ತೆ ತೆರೆದು ಬಣ್ಣವೂ ಬೆಳಕೂ ವಾಪಸು ಬರುತ್ತವೆ. ಹೇಳಲು ಇಷ್ಟೇ. ಮಾಡಲು ಎರಡೂವರೆ ವರ್ಷ ಬೇಕಾಯಿತು. ನನ್ನ ಬೆರಳುಗಳು ಯಾವಾಗಲೂ ಗುಲಾಬಿಯಾಗಿರುತ್ತಿದ್ದವು. ಬಸ್ಸಿನಲ್ಲಿ ಮೀನಿನ ಹೆಂಗಸರು, "ಏನೇ ತಂಗಿ, ನಿಂಗೆ ವರ್ಷಪೂರ್ತಿ ಹೋಳಿಯಾ?" ಎಂದು ನಗುತ್ತಿದ್ದರು.

ಕೊನೆಗೊಮ್ಮೆ ಅದು ಕೆಲಸ ಮಾಡಿತು. ಅದೇ ವಾರ ತಮ್ಮ ಬಲೆಯ ದಾರ ತರಲು ಕಾರವಾರಕ್ಕೆ ಬಂದವನು ಕಾಲೇಜಿಗೂ ಬಂದ. ಮಧ್ಯಾಹ್ನದ ಹೊತ್ತು. ನಾನು ಲ್ಯಾಬಿನ ಪರದೆ ಎಳೆದು ಅವನ ಎದುರಿಗೆ ಎರಡು ಟ್ಯೂಬು ಇಟ್ಟೆ. ಒಂದಕ್ಕೆ ತಾಮ್ರದ ನೀರು ಒಂದು ಹನಿ ಬಿಟ್ಟು ಯುವಿ ದೀಪದ ಕೆಳಗೆ ಹಿಡಿದೆ. ಕಿತ್ತಳೆಗೆಂಪು ಬೆಳಕು ಎದ್ದಿತು. ಇನ್ನೊಂದು ಟ್ಯೂಬು ಕಪ್ಪಗೇ ಇತ್ತು.

"ಅಬಾ!" ಎಂದ ತಮ್ಮ. "ಬಲೆ ಎಳೂವಾಗ ಒಂದೊಂದ್ಸಲ ನೀರು ಹಿಂಗೇ ಹೊಳೀತದೆ ಅಕ್ಕಾ. ಅದು ಹಸಿರು, ಇದು ಕೆಂಪು. ಅದಕ್ಕೆ ಯಾರೂ ಓದೂದು ಬೇಡ."

ಇಬ್ಬರೂ ನಕ್ಕೆವು. ನಾನು ಪರದೆ ಸರಿಸಿದೆ. ಕಿಟಕಿಯ ಬಿಸಿಲು ನೇರ ಅವನ ಮುಖಕ್ಕೆ ಬಿತ್ತು, ಅವನು ಕಣ್ಣು ಕಿರಿದು ಮಾಡಿ ನನ್ನ ಕಡೆ ತಿರುಗಿದ. ಅವನ ಕಣ್ಣಿನ ಕರಿಗುಡ್ಡೆಯ ಸುತ್ತ, ಬಿಳಿ ಶುರುವಾಗುವ ಕಡೆಯಲ್ಲಿ, ಕಂದು ಬಣ್ಣದ ಒಂದು ತೆಳುವಾದ ಅಂಚು ಕಂಡಿತು. ಹಳೆಯ ಹಿತ್ತಾಳೆಯ ಹಾಗೆ, ಸ್ವಲ್ಪ ಹಸಿರು ಬೆರೆತ ಕಂದು. ಚೆಂದ ಕಂಡಿತು ನನಗೆ. "ನಿನ್ನ ಕಣ್ಣು ಬೆಕ್ಕಿನ ಕಣ್ಣಿನ ಹಾಗಾಗ್ತಿದೆ" ಎಂದೆ. ಇಬ್ಬರೂ ಕ್ಯಾಂಟೀನಿಗೆ ಹೋಗಿ ಚಹಾ ಕುಡಿದೆವು. ಕಪ್ಪು ಎತ್ತುವಾಗ ಅವನು ಎಡಗೈಯನ್ನೂ ಸೇರಿಸಿದ. ಅದನ್ನೂ ನೋಡಿದೆ. ನೋಡಿದ್ದು ನನಗೆ ಇವತ್ತಿಗೂ ನೆನಪಿದೆ.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಬೇಲೆಕೇರಿ ಬಂದರಿನಲ್ಲಿ ಮೀನು ಇಳಿಸುವಾಗ ತಮ್ಮನ ಕೈಯಿಂದ ಹಗ್ಗ ಜಾರಿ, ಮೀನು ತುಂಬಿದ ಎರಡು ಕ್ರೇಟು ನೀರಿಗೆ ಬಿದ್ದವು. ಅದಕ್ಕೂ ಮೊದಲೇ ಬೋಟಿನವರು ಅವನ ಬೆನ್ನ ಹಿಂದೆ ಮಾತಾಡುತ್ತಿದ್ದರು. ನಡಿಗೆ ಓಲಾಡುತ್ತದೆ, ಮಾತು ತೊದಲುತ್ತದೆ, ತಾಂಡೇಲನ ಮಗ ಬೆಳಿಗ್ಗೆಯೇ ಹಾಕಿಕೊಂಡು ಬರುತ್ತಾನೆ ಎಂದು. ಅಪ್ಪನ ಕಿವಿಗೆ ಅದು ಬಿದ್ದಿತ್ತು. ಅಪ್ಪ ಎಲ್ಲರ ಎದುರು ಅವನ ಕೆನ್ನೆಗೆ ಹೊಡೆದ.

"ಕುಡ್ಕಂಡು ಬೋಟಿಗೆ ಬರೂದಾ?"

ತಮ್ಮ ಏನೋ ಹೇಳಲು ಹೋದ. ನಾಲಿಗೆ ಹೊರಳಲಿಲ್ಲ. ಅದು ಕುಡಿದವನ ಮಾತಿನ ಹಾಗೆಯೇ ಕೇಳಿಸಿತು. ಸುತ್ತ ನಿಂತವರು ನಕ್ಕರು. ಅವನು ಬಂದರಿನಿಂದ ಮನೆತನಕ ನಡೆದುಕೊಂಡೇ ಬಂದ. ಆಯಿ ಅವನ ಬಾಯಿ ಮೂಸಿ ನೋಡಿದಳು. ಏನೂ ಇರಲಿಲ್ಲ. ಸಂಜೆ ನಾನು ಮನೆಗೆ ಬಂದಾಗ ಆಯಿ ಅಪ್ಪನ ಎದುರು ನಿಂತು ಕೂಗುತ್ತಿದ್ದಳು, "ನನ್ನ ಮಗ ಕುಡೀಲಿಲ್ಲ. ಅವ್ನಿಗೆ ಎಂತದೋ ಆಗದೆ. ನಿಮ್ಗೆ ಕಣ್ಣಿಲ್ವಾ?"

ಅಪ್ಪ ಮರುದಿನದಿಂದ ತಮ್ಮನನ್ನು ಬೋಟಿಗೆ ಕರೆಯಲಿಲ್ಲ.

ಅಂಕೋಲೆಯ ಡಾಕ್ಟರು ನರದ ನಿಶ್ಶಕ್ತಿ ಎಂದು ವಿಟಮಿನ್ ಕೊಟ್ಟರು. ಆಯಿ ದೇವಸ್ಥಾನದಲ್ಲಿ ಪ್ರಸಾದ ಕೇಳಿಸಿದಳು. ಬಲಗಡೆಯ ಹೂವು ಬಿತ್ತು, ಒಳ್ಳೆಯದಾಗುತ್ತದೆ ಎಂದರು. ಎರಡು ತಿಂಗಳು ಹಾಗೆಯೇ ಹೋಯಿತು. ಬಲೆಯ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂದು ತಮ್ಮ ಹೇಳತೊಡಗಿದಾಗ, ಚಷ್ಮಾ ಬೇಕಾಗಿರಬಹುದು ಎಂದು ನಾನೇ ಅವನನ್ನು ಕಾರವಾರದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಕೆ ನನ್ನ ವಯಸ್ಸಿನವರೇ. ಗಲ್ಲ ಊರಿಸಿ ಕೂರಿಸುವ ಯಂತ್ರದಲ್ಲಿ ಅವನ ಕಣ್ಣನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವನನ್ನು ಹೊರಗೆ ಕೂರಲು ಹೇಳಿ ನನ್ನನ್ನು ಕೇಳಿದರು.

"ನೀವು ಇವರಿಗೆ ಏನಾಗಬೇಕು?"

"ಅಕ್ಕ."

"ಏನು ಮಾಡ್ಕೊಂಡಿದ್ದೀರಿ?"

"ಕೆಮಿಸ್ಟ್ರಿ ಕಲಿಸ್ತೇನೆ."

"ಹಾಗಾದರೆ ನಿಮಗೆ ಹೇಳೂದು ಸುಲಭ. ಕರಿಗುಡ್ಡೆಯ ಅಂಚಿನಲ್ಲಿ ಸುತ್ತಲೂ ತಾಮ್ರ ಕೂತಿದೆ. ಕಣ್ಣಿನಲ್ಲಿ ಇಷ್ಟು ಇದ್ದರೆ ಲಿವರ್‌ನಲ್ಲಿ, ಮೆದುಳಿನಲ್ಲಿ ಖಂಡಿತ ಇರ್ತದೆ. ತಡ ಮಾಡಬೇಡಿ."

ನಾನು ಕೇಳಿದ್ದು, "ಯಾವ ತಾಮ್ರ?" ಎಂದು.

ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ತಾಮ್ರದ ಅಯಾನಿನಲ್ಲಿ ಎರಡು ಬಗೆ ಇವೆ. ಒಂದರ ಮೇಲೆ ಒಂದು ವಿದ್ಯುದಂಶ, ಇನ್ನೊಂದರ ಮೇಲೆ ಎರಡು. ನನ್ನ ಪ್ರೋಬ್ ಎರಡನೆಯದನ್ನು ಮಾತ್ರ ಹಿಡಿಯುತ್ತಿತ್ತು. ನನ್ನ ಒಡಹುಟ್ಟಿದವನ ಮೆದುಳಿನಲ್ಲಿ ತಾಮ್ರ ಕೂತಿದೆ ಎಂದು ಡಾಕ್ಟರು ಹೇಳಿದ ಆ ಗಳಿಗೆಯಲ್ಲಿ ನನ್ನ ತಲೆಗೆ ಬಂದದ್ದು ಅದು. ಹೊರಗೆ ಬೆಂಚಿನ ಮೇಲೆ ತಮ್ಮ ನಡುಗುವ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿದ್ದ.

"ಚಷ್ಮಾ ಬರ್ತದ್ಯಾ ಅಕ್ಕಾ?" ಎಂದ.

ಆ ಕಾಯಿಲೆಗೆ ಯಾವನೋ ವಿದೇಶಿ ವೈದ್ಯನ ಹೆಸರಿದೆ. ನಮ್ಮ ಮನೆಯಲ್ಲಿ ಅದನ್ನು ತಾಮ್ರದ ಕಾಯಿಲೆ ಎಂದೇ ಕರೆದೆವು. ಊಟದಲ್ಲಿ ಬಂದ ತಾಮ್ರದಲ್ಲಿ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಲಿವರ್ ಪಿತ್ತದ ಜೊತೆ ಹೊರಗೆ ಹಾಕಬೇಕು. ಹಾಗೆ ಹೊರಗೆ ಹಾಕುವ ಒಂದು ಪ್ರೋಟೀನು ತಮ್ಮನಲ್ಲಿ ಹುಟ್ಟಿನಿಂದಲೇ ಕೆಟ್ಟಿತ್ತು. ಇಪ್ಪತ್ತೆರಡು ವರ್ಷ ಅದು ಒಳಗೆ ಕೂಡುತ್ತ ಬಂದಿತ್ತು. ಮಂಗಳೂರು ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ಇಡೀ ದಿನದ ಮೂತ್ರ ಹಿಡಿದು ಅಳೆದರು, ರಕ್ತ ನೋಡಿದರು, ತಲೆಯ ಸ್ಕ್ಯಾನ್ ಮಾಡಿದರು. ಎಲ್ಲವೂ ಕಣ್ಣಿನ ಡಾಕ್ಟರು ಹೇಳಿದ್ದನ್ನೇ ಹೇಳಿತು. ಅಲ್ಲಿನ ವೈದ್ಯರು ಅಪ್ಪ ಆಯಿಯನ್ನು ಕೂರಿಸಿ, "ನೀವಿಬ್ಬರೂ ಮದುವೆಗೆ ಮೊದಲು ಸಂಬಂಧಿಕರಾ?" ಎಂದು ಕೇಳಿದರು.

"ಇವ್ರು ನನ್ನ ಸೋದರತ್ತೆ ಮಗ," ಎಂದಳು ಆಯಿ. ಹೇಳುವಾಗ ಅವಳ ಸ್ವರದಲ್ಲಿ ಹಳೆಯ ಸಲಿಗೆ ಇತ್ತು. ಆ ಉತ್ತರದಲ್ಲೇ ಕಾಯಿಲೆಯ ಮೂಲವಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ವೈದ್ಯರು ಬೈಯಲಿಲ್ಲ. ಇಬ್ಬರಲ್ಲೂ ಈ ದೋಷದ ಒಂದೊಂದು ಪಾಲು ಅಡಗಿದ್ದಿರಬೇಕು, ಎರಡೂ ಕೂಡಿ ಒಬ್ಬ ಮಗನಿಗೆ ಬಂತು ಎಂದು ಸಮಾಧಾನದಿಂದ ಹೇಳಿದರು. ಆಮೇಲೆ ನನ್ನ ಕಡೆ ನೋಡಿದರು. ನನಗೂ ಬಂದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು ಇತ್ತು. ನನ್ನ ರಕ್ತವನ್ನೂ ತೆಗೆದುಕೊಂಡರು. ಫಲಿತಾಂಶ ಬರುವ ತನಕದ ಆ ದಿನಗಳಲ್ಲಿ ನಾನು ತಮ್ಮನ ಬಗ್ಗೆ ಒಮ್ಮೆಯೂ ಯೋಚಿಸಲಿಲ್ಲ, ನನ್ನ ಬಗ್ಗೆ ಮಾತ್ರ ಯೋಚಿಸಿದೆ. ನನಗೆ ಕಾಯಿಲೆ ಇಲ್ಲ ಎಂದು ಗೊತ್ತಾದಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಸಂತೋಷಕ್ಕೆ ಅತ್ತೆ. ತಮ್ಮ ಪಕ್ಕದಲ್ಲಿ ಬಂದು ಕುಳಿತ. ನಾನು ಅಳುತ್ತಿರುವುದು ಅವನಿಗಾಗಿ ಎಂದು ತಿಳಿದು ಬೆನ್ನು ಸವರಿದ.

ಊರಿಗೆ ಬಂದ ದಿನವೇ ಆಯಿ ಬಚ್ಚಲಿನ ತಾಮ್ರದ ಹಂಡೆಯನ್ನು ಅಂಗಳಕ್ಕೆ ಎಳೆದು ಹಾಕಿದಳು. ಕುಡಿಯುವ ನೀರು ತುಂಬಿಡುತ್ತಿದ್ದ ಕೊಡವನ್ನೂ ಹಾಕಿದಳು. ತಾಮ್ರದ ನೀರು ಮೈಗೆ ಒಳ್ಳೆಯದು ಎಂದು ಮೊಬೈಲಿನಲ್ಲಿ ಬಂದದ್ದನ್ನು ನಂಬಿ ಅವಳು ಆ ಕೊಡವನ್ನು ಹಿಂದಿನ ವರ್ಷವಷ್ಟೇ ಅಂಕೋಲೆ ಪೇಟೆಯಿಂದ ತಂದಿದ್ದಳು.

"ನಾನೇ ಕುಡಿಸಿದ್ದು," ಎಂದು ಎದೆ ಬಡಿದುಕೊಂಡಳು.

"ಕೊಡದಿಂದ ಬಂದದ್ದಲ್ಲ ಆಯಿ. ಕೊಡ ಇಲ್ಲದಿದ್ರೂ ಬರ್ತಿತ್ತು. ಹುಟ್ಟುವಾಗಲೇ ಬಂದದ್ದು."

"ಹಂಗಾರೆ ಮತ್ತೂ ನಾನೇ ಕೊಟ್ಟಂಗಾಯ್ತಲ."

ಕೊಡವೇ ಕಾರಣ ಎಂದು ಬಿಟ್ಟುಬಿಟ್ಟಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ.

ತಾಮ್ರ ಹೆಚ್ಚಿರುವ ಆಹಾರ ಬಿಡಬೇಕೆಂದು ಚೀಟಿ ಕೊಟ್ಟಿದ್ದರು. ಸಿಗಡಿ, ಏಡಿ, ಚಿಪ್ಪಿನ ಬಳಚು, ಗೋಡಂಬಿ ಎಲ್ಲ ಅದರಲ್ಲಿತ್ತು. ತಾಂಡೇಲನ ಮನೆಯಲ್ಲಿ ಸಿಗಡಿ ಅಡಿಗೆ ನಿಂತಿತು. ಆಯಿ ನಮಗೂ ಮಾಡಲಿಲ್ಲ. ನೆರೆಮನೆಯಲ್ಲಿ ಬಳಚಿನ ಸುಕ್ಕ ಬೇಯುವ ವಾಸನೆ ಬಂದರೆ ತಮ್ಮ ಎದ್ದು ದಂಡೆಯ ಕಡೆ ಹೋಗುತ್ತಿದ್ದ. ಹೋಗಲು ಆಗುತ್ತಿದ್ದದ್ದು ಮೊದಲ ಕೆಲವು ವಾರ ಮಾತ್ರ.

ಮೈಯಿಂದ ತಾಮ್ರವನ್ನು ಹಿಡಿದು ಮೂತ್ರದಲ್ಲಿ ಹೊರಗೆ ತರುವ ಗುಳಿಗೆ ಶುರುವಾಗಿತ್ತು. ನಮ್ಮ ಲ್ಯಾಬಿನ ಭಾಷೆಯಲ್ಲಿ ಹೇಳುವುದಾದರೆ ಅದೂ ಲೋಹವನ್ನು ಕಚ್ಚಿ ಹಿಡಿಯುವ ಒಂದು ಅಣುವೇ. ಕೆಲವರಲ್ಲಿ ಆರಂಭದಲ್ಲಿ ಸ್ಥಿತಿ ಇನ್ನೂ ಕೆಡಬಹುದು ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಲಿವರಿನಲ್ಲಿ ಮಲಗಿದ್ದ ತಾಮ್ರ ಎದ್ದು ರಕ್ತಕ್ಕಿಳಿದು ಮೆದುಳಿಗೆ ಹೋಗುವುದುಂಟಂತೆ. ಆ ಕೆಲವರಲ್ಲಿ ತಮ್ಮ ಒಬ್ಬನಾದ. ಮಳೆಗಾಲ ಹಿಡಿಯುವ ಹೊತ್ತಿಗೆ ಅವನ ಕುತ್ತಿಗೆ ಒಂದು ಪಕ್ಕಕ್ಕೆ ಸೆಳೆದುಕೊಂಡಿತು. ಬೆರಳುಗಳು ಮಡಚಿಕೊಂಡವು. ಗುಳಿಗೆ ಬದಲಿಸಿದರು, ಸತುವಿನ ಮಾತ್ರೆ ಕೊಟ್ಟರು. ಕೆಡುವುದು ನಿಧಾನವಾಯಿತು, ಹೋದದ್ದು ತಿರುಗಿ ಬರಲಿಲ್ಲ. ದೀಪಾವಳಿಗೆ ಅವನ ಮಾತು ಪೂರ್ತಿ ನಿಂತಿತು. ಮೊಬೈಲಿನ ಮೇಲೆ ಗೆಣ್ಣಿನಿಂದ ಒತ್ತಿ ಒಂದೊಂದೇ ಅಕ್ಷರ ಬರೆಯುತ್ತಿದ್ದ. ಅಪ್ಪ ಬೋಟು ಬಿಟ್ಟು ಮನೆಯಲ್ಲಿ ಕುಳಿತ. ಬೆಳಿಗ್ಗೆ ಮಗನ ಹಲ್ಲು ತಿಕ್ಕಿಸುವುದು, ಸ್ನಾನ ಮಾಡಿಸುವುದು, ಗಂಜಿ ತಿನ್ನಿಸುವುದು ಎಲ್ಲ ಅಪ್ಪನೇ. ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಗಂಜಿ ತಿನ್ನಿಸುವಾಗ ಒಮ್ಮೆ, ತಾನು ಹೊಡೆದಿದ್ದ ಆ ಕೆನ್ನೆಯ ಮೇಲೆ ಅಂಗೈ ಇಟ್ಟುಕೊಂಡು ಕುಳಿತಿದ್ದನ್ನು ಬಾಗಿಲಿನಿಂದ ಕಂಡೆ. ನಾನು ಒಳಗೆ ಹೋಗಲಿಲ್ಲ.

ಒಂದು ಭಾನುವಾರ ತಮ್ಮ ನನ್ನನ್ನು ಸನ್ನೆ ಮಾಡಿ ಕರೆದು ಮೊಬೈಲು ತೋರಿಸಿದ. ಅದರಲ್ಲಿ ಬರೆದಿದ್ದ, "ಅಕ್ಕ ನಿನ್ನ ಕೆಂಪು ಮದ್ದು ನಂಗೆ ಯಾವಾಗ".

ನಾನು ಓದುವಷ್ಟರಲ್ಲಿ ಅಡಿಗೆಮನೆಯಿಂದ ಆಯಿ ಬಂದು ನಿಂತಳು. ಅವಳೇ ಬರೆಯಲು ಹೇಳಿರಬೇಕು.

"ನೀ ಇಷ್ಟು ವರ್ಷ ಮಾಡ್ತಿರೂದು ತಾಮ್ರದ್ದೇ ಅಲ್ವಾ?" ಎಂದಳು. "ಮನುಷ್ಯರಿಗೆ ಹಾಕಿ ನೋಡೂಕೆ ಇನ್ನೂ ಆಗ್ಲಿಲ್ವಾ? ಇವ್ನಿಗೇ ಮೊದ್ಲು ಹಾಕು. ನಾವು ಯಾರ ಹತ್ರನೂ ಹೇಳೂದಿಲ್ಲ."

"ಅದು ಮದ್ದಲ್ಲ ಆಯಿ."

"ಮತ್ತೆ?"

"ತಾಮ್ರ ಎಲ್ಲಿದೆ ಅಂತ ತೋರಿಸ್ತದೆ."

"ತೆಗೀತದ್ಯಾ?"

"ಇಲ್ಲ. ತೋರಿಸೂದು ಮಾತ್ರ."

ಆಯಿ ತಮ್ಮನ ಮುಖ ನೋಡಿದಳು, ಆಮೇಲೆ ನನ್ನನ್ನು.

"ಎಲ್ಲಿ ಅದೆ ಅಂತ ನಮ್ಗೆ ಗೊತ್ತದೆಯಲ್ಲೇ ಮಗಾ. ತೋರ್ಸಿ ಎಂತ ಮಾಡೂದು?"

ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದಳು. ಮೊದಲೇ ಪತ್ತೆಯಾಗಿದ್ದರೆ ಇಷ್ಟು ಕೆಡುತ್ತಿರಲಿಲ್ಲ, ಇಂಥ ಪ್ರೋಬ್‌ಗಳಿಂದ ಮುಂದೆ ಹೊಸ ಗುಳಿಗೆಗಳನ್ನು ಪರೀಕ್ಷಿಸಬಹುದು ಎಂದೆಲ್ಲ ಹೇಳಲು ಹೋದೆ. ನನ್ನ ಸಂಶೋಧನಾ ಪ್ರಸ್ತಾವನೆಯ ಮೊದಲ ಪುಟದಲ್ಲಿ ಅದೇ ಬರೆದಿದ್ದೆ. ಅರ್ಧಕ್ಕೆ ನಿಲ್ಲಿಸಿದೆ. ತಮ್ಮ ಮೊಬೈಲಿನಲ್ಲಿದ್ದ ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸುತ್ತಿದ್ದ.

ಅದಾದ ಮೇಲೆ ನಾನು ಹಟ ಹಿಡಿದೆ. ಮದ್ದಾಗದಿದ್ದರೆ ಬೇಡ, ತೋರಿಸುವುದನ್ನಾದರೂ ಸರಿಯಾಗಿ ತೋರಿಸಲಿ. ಟ್ಯೂಬಿನಲ್ಲಿ ಬೆಳಗಿದ್ದು ಬದುಕಿರುವ ಜೀವಕೋಶದಲ್ಲಿ ಬೆಳಗಬೇಕು. ಜೀವಕೋಶ ಬೆಳೆಸುವ ಸೌಕರ್ಯ ನಮ್ಮ ಕಾಲೇಜಿನಲ್ಲಿ ಇರಲಿಲ್ಲ. ಗೈಡ್ ತಮ್ಮ ಪರಿಚಯದವರಿಗೆ ಪತ್ರ ಬರೆದು ಧಾರವಾಡದ ಒಂದು ಪ್ರಯೋಗಾಲಯದಲ್ಲಿ ವ್ಯವಸ್ಥೆ ಮಾಡಿಕೊಟ್ಟರು. ಜನವರಿಯಲ್ಲಿ ನನ್ನ ಪುಡಿಯನ್ನು ಚಿಕ್ಕ ಬಾಟಲಿಯಲ್ಲಿ ತುಂಬಿ, ಕಪ್ಪು ಕಾಗದ ಸುತ್ತಿ, ಅರಬೈಲು ಘಾಟಿ ಹತ್ತಿ ಹೋದೆ.

ಅಲ್ಲಿ ಜೀವಕೋಶಗಳನ್ನು ನೋಡಿಕೊಳ್ಳುತ್ತಿದ್ದ ಸಂಶೋಧಕಿ ನನಗೆ ಸಹಾಯ ಮಾಡಿದಳು. ಎಂದೋ ತೀರಿಕೊಂಡ, ಯಾವುದೋ ದೇಶದ ರೋಗಿಯ ಲಿವರಿನ ಕ್ಯಾನ್ಸರ್ ಗಡ್ಡೆಯಿಂದ ತೆಗೆದು ದಶಕಗಳಿಂದ ಬೆಳೆಸುತ್ತ ಬಂದ ಜೀವಕೋಶಗಳು ಅವು. ಒಂದು ತಟ್ಟೆಯ ಜೀವಕೋಶಗಳಿಗೆ ತಾಮ್ರ ಕೊಟ್ಟು ಆಮೇಲೆ ನನ್ನ ಪ್ರೋಬ್ ಹಾಕಿದೆವು. ಎರಡನೆಯ ತಟ್ಟೆಗೆ ತಾಮ್ರ ಕೊಡದೆ ಪ್ರೋಬ್ ಮಾತ್ರ. ಮೂರನೆಯದಕ್ಕೆ ಏನೂ ಇಲ್ಲ. ಸೂಕ್ಷ್ಮದರ್ಶಕದ ಕೋಣೆಯಲ್ಲಿ ಹಗಲಿನಲ್ಲೂ ಕತ್ತಲು ಮಾಡಿರುತ್ತಾರೆ. ಮೊದಲ ತಟ್ಟೆ ಇಟ್ಟು ಅವಳು ಕಂಪ್ಯೂಟರಿನ ಪರದೆಯ ಕಡೆ ಕೈ ತೋರಿದಳು.

ಕಿತ್ತಳೆಗೆಂಪು ಚುಕ್ಕೆಗಳು. ಒಂದೊಂದು ಜೀವಕೋಶದ ನಡುವೆ, ಕೋಶಕೇಂದ್ರದ ಸುತ್ತ, ಬೆಂಕಿಯ ಕಿಡಿಗಳ ಹಾಗೆ. ಅವು ಬದುಕಿದ್ದವು, ಮೆಲ್ಲಗೆ ಅಲುಗುತ್ತಿದ್ದವು. ನಾನು ಕೈಯಿಂದ ಬಾಯಿ ಮುಚ್ಚಿಕೊಂಡೆ. ನಾಲ್ಕು ವರ್ಷದಲ್ಲಿ ಅಷ್ಟು ಚೆಂದದ್ದನ್ನು ನಾನು ನೋಡಿರಲಿಲ್ಲ. ಆ ಕಾಲು ಗಂಟೆ ನನಗೆ ತಮ್ಮನ ನೆನಪೂ ಇರಲಿಲ್ಲ, ಆಯಿಯ ಪ್ರಶ್ನೆಯ ನೆನಪೂ ಇರಲಿಲ್ಲ.

ಅವಳು ಎರಡನೆಯ ತಟ್ಟೆ ಇಟ್ಟಳು. ತಾಮ್ರ ಕೊಡದ ತಟ್ಟೆ. ಅದೂ ಬೆಳಗುತ್ತಿತ್ತು. ಅದೇ ಬಣ್ಣ, ಅದೇ ಕಿಡಿ, ಹೆಚ್ಚುಕಡಿಮೆ ಅಷ್ಟೇ ಬೆಳಕು.

"ತಟ್ಟೆ ಅದಲುಬದಲಾಗಿರಬೇಕು," ಎಂದೆ.

"ಇಲ್ಲ ಬಿಡ್ರಿ, ನಾನಽ ಹೆಸರು ಬರದೇನಿ," ಎಂದಳು ಅವಳು. ಕಿಡಿಗಳ ಮೇಲೆ ಬೆರಳಿಟ್ಟು, "ರೋಡಮೈನ್ ಅಲ್ಲೇನ್ರಿ ಇದು? ಈ ಚುಕ್ಕಿ ಅದಾವಲ್ಲ, ಇವು ಜೀವಕೋಶದ ಹುಳಿ ಚೀಲ. ಆ ಹುಳಿಗೇ ನಿಮ್ಮ ಉಂಗುರ ಬಿಚ್ಚಿಕೊಂಡದ," ಎಂದಳು.

ಜೀವಕೋಶದೊಳಗೆ ಹಳೆಯದನ್ನು ಕರಗಿಸುವ ಪುಟ್ಟ ಚೀಲಗಳಿರುತ್ತವೆ, ಅವುಗಳಲ್ಲಿ ಆಮ್ಲವಿರುತ್ತದೆ. ನನ್ನ ಅಣು ಅಲ್ಲಿಗೆ ಹೋಗಿ ಕೂತು, ಆಮ್ಲ ತಗುಲಿ ಬೆಳಗಿತ್ತು. ತಾಮ್ರವನ್ನು ಅದು ನೋಡಿರಲೇ ಇಲ್ಲ. ನೋಡುವುದು ಸಾಧ್ಯವೂ ಇರಲಿಲ್ಲ. ಬದುಕಿರುವ ಜೀವಕೋಶದೊಳಗೆ ತಾಮ್ರ ಹೆಚ್ಚಾಗಿ ಇರುವುದು ಒಂದೇ ವಿದ್ಯುದಂಶದ ಇನ್ನೊಂದು ಬಗೆಯಾಗಿ, ಅದೂ ಬಿಡಿಯಾಗಿ ಅಲ್ಲ, ಪ್ರೋಟೀನುಗಳ ಕೈಯಿಂದ ಕೈಗೆ ದಾಟುತ್ತ. ಟ್ಯೂಬಿನ ನೀರಿನಲ್ಲಿ ನಾನು ಹಿಡಿಯುತ್ತಿದ್ದದ್ದು ಪೇಟೆಯಿಂದ ತಂದ ಬಾಟಲಿಯ ತಾಮ್ರವನ್ನು. ಮನುಷ್ಯನೊಳಗಿನ ತಾಮ್ರವನ್ನು ಅಲ್ಲ. ಇದೆಲ್ಲ ಪುಸ್ತಕದಲ್ಲಿ ಇತ್ತು. ನಾನೇ ಅಡಿಗೆರೆ ಎಳೆದು ಓದಿದ್ದೆ. ಆದರೂ ಹೇಗೋ ಆಗಿಬಿಡುತ್ತದೆ ಎಂದು ನಂಬಿದ್ದೆ.

ತಾಮ್ರ ಹೆಚ್ಚು ಕೊಟ್ಟು ಮತ್ತೊಮ್ಮೆ ನೋಡಿದೆವು. ಜೀವಕೋಶಗಳು ಸತ್ತುಹೋದವು.

ಕಾರವಾರಕ್ಕೆ ಬಂದು ಗೈಡ್ ಎದುರು ಚಿತ್ರಗಳನ್ನು ಇಟ್ಟೆ. ಅವರು ಚಷ್ಮಾ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರಿಗೆ ಉಳಿದದ್ದು ಒಂದು ವರ್ಷದ ಸೇವೆ. ನನ್ನ ಪಿಎಚ್‌ಡಿ ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು.

"ಎರಡೂ ಚಿತ್ರ ಹಾಕು," ಎಂದರು. "ಸುಳ್ಳು ಬರೆಯೋದು ಬೇಡ. ಎರಡನೇದಕ್ಕೆ ಹಿನ್ನೆಲೆಯ ಬೆಳಕು ಅಂತ ಬರಿ."

"ಅದು ಹಿನ್ನೆಲೆ ಅಲ್ಲ ಸರ್. ಅದೇ ಎಲ್ಲ."

"ಗೊತ್ತು," ಎಂದರು. ಚಿತ್ರಗಳನ್ನು ನನ್ನ ಕಡೆ ಸರಿಸಿದರು. "ಏನು ಮಾಡ್ತಿ? ಇನ್ನು ನಾಲ್ಕು ವರ್ಷ ನಿನ್ನ ಹತ್ರ ಇದ್ಯಾ?"

ಇರಲಿಲ್ಲ. ಹಿನ್ನೆಲೆಯ ಬೆಳಕು ಎಂದೇ ಬರೆದೆ. ಲೇಖನ ಒಂದು ಸಣ್ಣ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಯಾರೂ ಪ್ರಶ್ನೆ ಕೇಳಲಿಲ್ಲ. ಕೇಳಲಿ ಎಂದು ಕಾದಿದ್ದೆ ಎಂದರೆ ಈಗ ಯಾರು ನಂಬುತ್ತಾರೆ?

ತಮ್ಮ ತೀರಿಕೊಂಡದ್ದು ಶ್ರಾವಣದಲ್ಲಿ. ನುಂಗಲು ಆಗದೆ ಗಂಜಿ ಶ್ವಾಸಕೋಶಕ್ಕೆ ಇಳಿದು ಜ್ವರ ಬಂತು. ಕಾರವಾರದ ಆಸ್ಪತ್ರೆಯಲ್ಲಿ ಐದು ದಿನ ಇದ್ದ. ಐದನೆಯ ದಿನ ಬೆಳಿಗ್ಗೆ ಹತ್ತು ಗಂಟೆ ಸುಮಾರಿಗೆ ನಾನು ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಅಪ್ಪ ಮೆಟ್ಟಿಲು ಇಳಿದು ಬಂದ. ಎರಡೂ ಕೈಯನ್ನು ಮುಂದೆ ಚಾಚಿಕೊಂಡು ಬಂದ, ಏನನ್ನೋ ಹೊತ್ತು ತಂದು ಎಲ್ಲಿ ಇಳಿಸುವುದೆಂದು ತಿಳಿಯದವನ ಹಾಗೆ.

"ಆ ಚೀಟಿ ಬೇಡ, ಬಾ," ಎಂದ.

ಇಪ್ಪತ್ತನಾಲ್ಕು ತುಂಬಿರಲಿಲ್ಲ ತಮ್ಮನಿಗೆ. ಬೋಟಿನವರೆಲ್ಲ ಬಂದಿದ್ದರು. ಬಂದರಿನಲ್ಲಿ ನಕ್ಕವರೂ ಬಂದಿದ್ದರು, ಹೆಗಲು ಕೊಟ್ಟರು.

ಎರಡು ತಿಂಗಳ ನಂತರ ನನ್ನ ಮೌಖಿಕ ಪರೀಕ್ಷೆ ಆಯಿತು. ಹೊರಗಿನಿಂದ ಬಂದ ಪರೀಕ್ಷಕರು, "ಈ ಕೆಲಸದಿಂದ ಸಮಾಜಕ್ಕೆ ಏನು ಉಪಯೋಗ?" ಎಂದು ವಾಡಿಕೆಯ ಪ್ರಶ್ನೆ ಕೇಳಿದರು. ತಾಮ್ರದ ಕಾಯಿಲೆಯ ಅಧ್ಯಯನಕ್ಕೆ ಉಪಯೋಗವಾಗಬಹುದು ಎಂದು ನಾನು ವಾಡಿಕೆಯ ಉತ್ತರ ಕೊಟ್ಟೆ. ಗೈಡ್ ತಲೆ ಎತ್ತಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಯಿಗೆ ಫೋನು ಮಾಡಿ ಡಾಕ್ಟರಾದೆ ಎಂದೆ. "ಆಯ್ತು ಮಗಾ, ಬಸ್ಸು ತಪ್ಪೂದ್ರೊಳಗೆ ಬಾ," ಎಂದಳು.

ಡಿಗ್ರಿ ಬಂದ ಮೇಲೂ ಕೆಲಸ ಅತಿಥಿ ಉಪನ್ಯಾಸಕಿಯದೇ. ಪ್ರೋಬ್ ಮಾಡುವುದನ್ನು ಬಿಟ್ಟೆ.

ಮರುವರ್ಷ ನನ್ನ ದೊಡ್ಡಪ್ಪನ ಮಗಳನ್ನು ನನ್ನ ಸೋದರಮಾವನ ಮಗನಿಗೆ ಕೊಡುವ ಮಾತು ನಡೆಯಿತು. ಹುಡುಗಿ ಅಪ್ಪನ ಮನೆಯವಳು, ಹುಡುಗ ಆಯಿಯ ಮನೆಯವನು. ತಮ್ಮನಿಗೆ ಕಾಯಿಲೆ ತಂದ ಆ ಎರಡು ಪಾಲುಗಳು ಇವರಲ್ಲೂ ಇರಬಹುದಾದ ಎರಡು ಮನೆಗಳು. ನಾನು ರಜೆ ಹಾಕಿ ಹಟ್ಟಿಕೇರಿಗೆ ದೊಡ್ಡಪ್ಪನ ಮನೆಗೆ ಹೋದೆ. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಇಬ್ಬರ ರಕ್ತವನ್ನೂ ಮೊದಲು ಪರೀಕ್ಷೆ ಮಾಡಿಸಿ, ಎಲ್ಲಿಗೆ ಹೋಗಬೇಕು ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಎಲ್ಲರೂ ಗೌರವದಿಂದ ಕೇಳಿಸಿಕೊಂಡರು. ದೊಡ್ಡಾಯಿ ಬಂಗಡೆ ಹುರಿದು ಊಟ ಹಾಕಿದಳು.

ಊಟ ಆದ ಮೇಲೆ ದೊಡ್ಡಪ್ಪ ಹೇಳಿದ, "ನೀ ಕಲ್ತವಳು, ನೀ ಹೇಳೂದು ಖರೆ ಇರೂಕೂ ಸಾಕು. ಆದ್ರೆ ಹಿಂಗೆ ರಕ್ತ ನೋಡೂಕೆ ಹೋದ್ರು ಅಂತ ಊರಲ್ಲಿ ಗೊತ್ತಾದ್ರೆ ಈ ಹುಡುಗೀನ ನಾಳೆ ಯಾರು ಕೇಳ್ತ್ರು? ನಿನ್ನ ತಮ್ಮಂದು ಅವ್ನ ಹಣೆಬರಹ. ಎಲ್ರಿಗೂ ಹಂಗೇ ಆಗ್ತದ್ಯಾ?"

"ಎಲ್ಲರಿಗೂ ಆಗೂದಿಲ್ಲ," ಎಂದೆ. ಅದೂ ನಿಜವೇ. ಆ ಒಂದು ಮಾತನ್ನು ಹಿಡಿದುಕೊಂಡು ಅವರು ನಿಶ್ಚಿತಾರ್ಥ ಮಾಡಿದರು.

ಮದುವೆಗೆ ಹೋದೆ. ಅಪ್ಪ ಬರಲಿಲ್ಲ. ಆಯಿ ಬಂದು ಹೆಂಗಸರ ನಡುವೆ ಕುಳಿತು ಅಕ್ಷತೆ ಹಾಕಿದಳು. ವರ್ಷ ತುಂಬುವುದರೊಳಗೆ ಗಂಡುಮಗು ಆಯಿತು. ಮೊನ್ನೆ ಹೋದಾಗ ಮಗುವಿಗೆ ಎಂಟು ತಿಂಗಳು, ಕೂರಿಸಿದರೆ ಕೂರುತ್ತದೆ. ಅದರ ತಾಯಿ ತಂದು ನನ್ನ ತೊಡೆಯ ಮೇಲೆ ಇಟ್ಟಳು. ಡಾಕ್ಟರಿಗೆ ಒಮ್ಮೆ ತೋರಿಸಿ ಈ ಕಾಯಿಲೆಯ ಬಗ್ಗೆ ಹೇಳಿಡಿ, ಮೂರು ನಾಲ್ಕು ವರ್ಷವಾದಾಗ ಒಂದು ರಕ್ತ ಪರೀಕ್ಷೆ ಮಾಡಿಸಿ ಎಂದು ಮತ್ತೆ ಹೇಳಿದೆ.

"ಎಷ್ಟು ಗಟ್ಟಿಯಾಗದೆ ನೋಡೇ ಅಕ್ಕಾ," ಎಂದು ನಕ್ಕಳು ಅವಳು. "ಎಂತಕ್ಕೆ ಈಗ್ಲೇ ಅದೆಲ್ಲ?"

ಮಗು ನನ್ನ ಬೆರಳನ್ನು ಬಾಯಿಗಿಟ್ಟುಕೊಂಡು ಚೀಪುತ್ತಿತ್ತು. ಹೆದ್ದಾರಿಯಲ್ಲಿ ಬಸ್ಸಿನ ಸದ್ದಾಗುವ ತನಕ ಹಾಗೆಯೇ ಕುಳಿತಿದ್ದೆ. ಆಮೇಲೆ ಮಗುವನ್ನು ಅವಳ ಕೈಗೆ ಕೊಟ್ಟು ಹೊರಟೆ.